ಹಲಸಿನ ಕೈ (ಕಂತು ಒಂಬತ್ತು)

"ಮುಟ್ಟಬೇಡ!"

ಕಜೆಟನ್ ಕೂಗಿದ ರಭಸಕ್ಕೆ ಗ್ಲ್ಯಾಡಿಸ್ ಚಾಚಿದ್ದ ಬೆರಳನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಂಡಳು.

ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದ ಒಂದು ಸೂಜಿ. ಸೂಜಿಯ ಮೊನೆಯ ಮೇಲೆ ರೆಕಾರ್ಡ್ ಪ್ಲೇಯರಿಗೆ ಹಾಕುವ ಗೇಣುದ್ದದ ಒಂದು ಮರದ ಕೈ. ಹಿಂಬದಿಗೆ ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು, ಮುಂಬದಿಗೆ ರೆಕಾರ್ಡಿನ ಗೆರೆಯಲ್ಲಿ ಓಡುವ ಮುಳ್ಳು. ನಡುವೆ ಜೇನಿನ ಬಣ್ಣದ ಹಲಸಿನ ಮರ, ಜಡೆಯ ತುದಿಯ ಹಾಗೆ ಸಪೂರವಾಗುತ್ತ ಹೋಗಿತ್ತು. ಬೇರೆ ಯಾವ ಆಸರೆಯೂ ಇಲ್ಲದೆ ಅದು ಗಾಳಿಯಲ್ಲಿ ನಿಂತಿತ್ತು. ಮಾತಾಡಿದರೆ ಆ ಉಸಿರಿಗೇ ತುಸು ತಿರುಗುತ್ತಿತ್ತು, ಮತ್ತೆ ತಾನಾಗಿ ನಿಲ್ಲುತ್ತಿತ್ತು.

"ಬಿದ್ದರೆ ಮತ್ತೆ ನಿಲ್ಲಿಸುವವರು ಯಾರು?" ಮುದುಕ ಸ್ವರ ತಗ್ಗಿಸಿದ.

"ನೀವೇ. ಮತ್ತೆ ಯಾರು ಬಾಪ್ಪು?"

ಅವನು ನಗಲಿಲ್ಲ. ಎರಡೂ ಕೈಗಳನ್ನು ಮೇಜಿನ ಕೆಳಗೆ, ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಕೂತ.

ಸಂತೆಕಟ್ಟೆಯ ಸ್ಟ್ಯಾನಿಸ್ಲಾಸ್ ತನ್ನ ಮನೆಯ ಚಾವಡಿಯಲ್ಲಿ ತಲೆಯೊಡೆದು ಸತ್ತುಬಿದ್ದಿದ್ದ ಆ ಶುಕ್ರವಾರ, ಹೆಣದ ಪಕ್ಕದ ರೆಕಾರ್ಡ್ ಪ್ಲೇಯರಿನಲ್ಲಿ ಇಂಥದೇ ಒಂದು ಹೊಸ ಹಲಸಿನ ಕೈ ಇತ್ತು. ಆ ಕೊಲೆಯನ್ನು ಹೊತ್ತು ಜೈಲಿನಲ್ಲಿ ಕೂತವನು ಜಲಾಲ್. ಜಲಾಲನ ವಕೀಲೆ ಗ್ಲ್ಯಾಡಿಸ್. ನಾಳೆ ಮಂಗಳೂರಿನಲ್ಲಿ ಜಡ್ಜರ ಮುಂದೆ ಅವನ ಜಾಮೀನಿನ ಅರ್ಜಿ ಬರುವುದಿತ್ತು. ಅವಳ ಕೈಯಲ್ಲಿ ಹೇಳಿಕೊಳ್ಳುವಂಥದು ಒಂದೂ ಇರಲಿಲ್ಲ. ಸೀನಿಯರ್ ವಕೀಲರು ಫೈಲು ಕೊಡುವಾಗಲೇ ಹೇಳಿದ್ದರು: "ಸೋಲುವ ಕೇಸು, ಕಲಿಯಲಿಕ್ಕೆ ಒಳ್ಳೆಯದು."

ಕಲಿಯಲಿಕ್ಕೆ ಒಳ್ಳೆಯದು. ಅತ್ತ ಜಲಾಲ್ ಅನ್ನ ಬಿಟ್ಟಿದ್ದ, ಮಾತನ್ನೂ ಬಿಟ್ಟಿದ್ದ. ಕೊನೆಯ ಸಲ ಕಂಬಿಯ ಆಚೆಯಿಂದ ಅವನು ಅಂದದ್ದು ಇಷ್ಟು: "ನಾನು ಯಾವ ಭಾಷೆಯಲ್ಲಿ ಬಾಯಿ ಬಿಟ್ಟರೂ ಇವರು ಅರಬ್ಬಿ ಅಂತ ಬರೆದುಕೊಳ್ತಾರೆ ಮೇಡಂ. ಸುಮ್ಮನಿರುವುದೇ ಒಳ್ಳೆಯದು."

ಪಕ್ಕದ ಮನೆಯ ಸುಂದರಿ ಪೊಲೀಸರಿಗೆ ಕೊಟ್ಟ ಹೇಳಿಕೆಯೇ ಎಲ್ಲಕ್ಕೂ ಮೂಲ. ಸಂಜೆ ಒಣಗಿದ ಬಟ್ಟೆ ತೆಗೆಯಲು ಅಂಗಳಕ್ಕೆ ಬಂದಾಗ ಅವಳಿಗೆ ಸ್ಟ್ಯಾನಿಸ್ಲಾಸನ ಮನೆಯಿಂದ ಒಂದು ಗಂಡಸಿನ ಧ್ವನಿ ಕೇಳಿಸಿತ್ತು. ಮೊದಲು ಬಾವಿಕಟ್ಟೆಯ ಹತ್ತಿರ, ಆಮೇಲೆ ಒಳಗೆ. ತುಳುವಲ್ಲ, ಕೊಂಕಣಿಯಲ್ಲ, ಇಲ್ಲಿನ ಮುಸ್ಲಿಮರ ಬ್ಯಾರಿ ಮಾತೂ ಅಲ್ಲ. "ಗಲ್ಫಿನ ಭಾಷೆ ಸಾರ್. ನನ್ನ ಮೈದುನ ರಜೆಯಲ್ಲಿ ಬಂದಾಗ ಕುಡಿದು ಹಾಗೇ ಮಾತಾಡ್ತಾನೆ. ಲಾ, ಲಾ ಅಂತ ಜಗಳ. ಸಿಟ್ಟಿನಲ್ಲಿ ಹೇಳಿದ್ದನ್ನೇ ಎರಡೆರಡು ಸಲ ಹೇಳ್ತಾ ಇದ್ದ."

ಅದು ಈಸ್ಟರಿನ ಮೊದಲಿನ ತಪಸ್ಸು ಕಾಲದ ಶುಕ್ರವಾರ. ಆ ಹೊತ್ತಿಗೆ ಊರಿನ ಕ್ರೈಸ್ತರೆಲ್ಲ ಶಿಲುಬೆಯ ಹಾದಿಗೆಂದು ಇಗರ್ಜಿಯಲ್ಲಿದ್ದರು. ಸ್ಟ್ಯಾನಿಸ್ಲಾಸನ ತಂಗಿ ಜೆರ್ಟ್ರೂಡ್ ಕೂಡ. ಉಳಿದವರಲ್ಲಿ ಅರಬ್ಬಿ ಬರುವವನು, ಸತ್ತವನ ಗುರುತಿರುವವನು, ಕುವೈತಿನಿಂದ ಆ ಪ್ಲೇಯರನ್ನು ತಂದು ಮಾರಿದವನು ಒಬ್ಬನೇ. ಕೈ ಮುರಿದ ಪ್ಲೇಯರು ಕೊಟ್ಟೆ ಎಂದು ಸ್ಟ್ಯಾನಿಸ್ಲಾಸ್ ಸಂತೆಯ ನಡುವೆ ಬೈದಾಗ ಜಲಾಲ್ ಎಲ್ಲರೆದುರು ಕೂಗಿದ್ದ: "ಇನ್ನೊಮ್ಮೆ ಬೊಬ್ಬೆ ಹೊಡೆದರೆ ನಿನ್ನ ಕೈಯನ್ನೂ ಮುರಿಯುತ್ತೇನೆ!"

ಪೊಲೀಸರಿಗೆ ಅಷ್ಟು ಮಾತು ಸಾಕು. ಸಂತೆಯಲ್ಲಿ ಆಡಿದ ಮಾತಿಗೆ ಸಾಕ್ಷಿಗಳಿಗೇನು ಬರ?

ಗ್ಲ್ಯಾಡಿಸ್ ಸ್ಟೂಲಿನ ಮೇಲೆ ಕೂತಳು. ಈ ಕೊಟ್ಟಿಗೆಯ ವಾಸನೆ ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಜ್ಞಾನಸ್ನಾನದ ದಿನ ಅವಳನ್ನು ಎತ್ತಿ ಹಿಡಿದವನೇ ಕಜೆಟನ್. ಆಗ ಅವನು ಶವಪೆಟ್ಟಿಗೆ ಮತ್ತು ಇಗರ್ಜಿಯ ಬೆಂಚು ಮಾಡುತ್ತಿದ್ದ. ಆಮೇಲೆ ಗಲ್ಫಿನಿಂದ ಪ್ಲೇಯರುಗಳು ಬರತೊಡಗಿದವು. ಅವುಗಳ ಹೊಳೆಯುವ ಲೋಹದ ಕೈಗಳು ಈ ಕಡಲ ಗಾಳಿಯಲ್ಲಿ ಎರಡು ಮಳೆಗಾಲ ಬಾಳುತ್ತಿರಲಿಲ್ಲ. ಕೀಲು ಬಿಗಿಯುತ್ತದೆ, ತಂತಿ ಹಸಿರುಗಟ್ಟುತ್ತದೆ, ಹಾಡುವವಳಿಗೆ ನೆಗಡಿ ಹಿಡಿಯುತ್ತದೆ. ಆಗ ಎಲ್ಲರೂ ಕಾಪುವಿನ ಈ ಕೊಟ್ಟಿಗೆಯ ದಾರಿ ಹಿಡಿಯುತ್ತಿದ್ದರು.

ಕುಕ್ಕುಂದೂರಿನ ಕಡೆ ಹಳೆಯ ಮನೆ ಕೆಡವಿದಾಗಲೆಲ್ಲ ಕಜೆಟನ್ ಲಾರಿಯವನಿಗೆ ಹೇಳಿ ಹಲಸಿನ ತೊಲೆಯ ತುಂಡು ತರಿಸಿಕೊಳ್ಳುತ್ತಿದ್ದ. ಅಡಿಗೆಮನೆಯ ಹೊಗೆ ತಿಂದು, ಮೂರು ತಲೆಮಾರಿನ ಅತ್ತೆಸೊಸೆಯರ ಜಗಳ ಕೇಳಿ ಒಣಗಿದ ಮರವೇ ಆಗಬೇಕು. "ಹಸಿ ಮರ ತಾನೇ ಮಾತಾಡ್ತದೆ ಪುತಾ. ರೆಕಾರ್ಡಿಗೆ ಮಾತಾಡಲಿಕ್ಕೆ ಬಿಡುವುದಿಲ್ಲ." ತುಂಡನ್ನು ಉದ್ದಕ್ಕೆ ಸೀಳಿ, ಒಳಗೆ ಕೂದಲಿನಂಥ ತಂತಿಗಳಿಗೆ ದಾರಿ ಕೊರೆದು, ಮತ್ತೆ ಅಂಟಿಸಿ, ಒಡೆದ ಗಾಜಿನ ಚೂರಿನಿಂದ ಹೆರೆಯುತ್ತಿದ್ದ. ಬೆವರಿದ ಅಂಗೈಗೆ ಆ ಪುಡಿ ಹಿಡಿದರೆ ಅರಶಿನ ಮೆತ್ತಿದ ಹಾಗೆ. ವಾರಗಟ್ಟಲೆ ತೊಳೆದರೂ ಹೋಗದು. ಚಿಕ್ಕವಳಿದ್ದಾಗ ಅವಳು ಅವನನ್ನು 'ಅರಶಿನ ಬಾಪ್ಪು' ಎಂದೇ ಕರೆಯುತ್ತಿದ್ದಳು. ಹೋದ ವಾರದವರೆಗೆ ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ದುಡಿದ ಅವಳ ತಮ್ಮ ಜಾರ್ಜನ ಕೈಯೂ ಹಾಗೇ ಇರುತ್ತದೆ. ಶಾಯಿ, ಎನ್ನುತ್ತಾನೆ ಅವನು.

"ಸ್ಟ್ಯಾನಿಸ್ಲಾಸನ ಪ್ಲೇಯರಿನ ಕೈ ಮಾಡಿದ್ದು ನೀವೇ ಅಲ್ವಾ?"

"ಮತ್ತೆ ಯಾರು ಮಾಡ್ತಾರೆ? ಈ ಹುಚ್ಚು ಹಿಡಿದದ್ದು ನನಗೊಬ್ಬನಿಗೇ."

"ಯಾವಾಗ ಹಾಕಿಕೊಟ್ಟದ್ದು?"

"ತಪಸ್ಸು ಕಾಲಕ್ಕೆ ಮೊದಲೇ."

"ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರದ ದಿನವೂ ಮುರಿದ ಕೈ ಇನ್ನೂ ಅದರಲ್ಲೇ ಇತ್ತು ಅಂತ ಜೆರ್ಟ್ರೂಡ್ ಹೇಳ್ತಾಳೆ."

ಕಜೆಟನ್ ಕಿಟಕಿಯ ಕಡೆ ನೋಡಿದ. ಹೊರಗೆ ಬಿಸಿಲಿಗೆ ಕಡಲು ಕಣ್ಣು ಚುಚ್ಚುವಂತೆ ಹೊಳೆಯುತ್ತಿತ್ತು.

"ವಯಸ್ಸಾಯಿತು. ಆಮೇಲೆ ಇರಬಹುದು."

"ತಪಸ್ಸು ಕಾಲದಲ್ಲಿ ಹಾಕಿದ್ದು ಹಾಗಾದರೆ. ಹಾಕಿದ ಮೇಲೆ ಸರಿ ಉಂಟಾ ಅಂತ ಕೇಳಿ ನೋಡಬೇಡವಾ? ನಾವು ಈಸ್ಟರಿನವರೆಗೆ ಹಾಡು ಹಾಕುವವರಲ್ಲ. ನೀವು ಹೇಗೆ ನೋಡುತ್ತೀರಿ?"

ಅವಳಿಗೆ ಉತ್ತರ ಗೊತ್ತಿರಲಿಲ್ಲ. ಸುಮ್ಮನೆ ಕೇಳಿದ್ದಳು. ಮುದುಕನ ಮುಖದಲ್ಲಿ ಮಾತ್ರ ಹಳೆಯ ಕೆಲಸಗಾರನ ಹೆಮ್ಮೆ, ದೀಪಕ್ಕೆ ಎಣ್ಣೆ ಬಿದ್ದ ಹಾಗೆ, ಒಂದು ಕ್ಷಣ ಎದ್ದುಬಂತು.

"ಹಾಡು ಯಾಕೆ? ಮಾತು ಹಾಕಿದರೆ ಆಯಿತು. ಹಾಡಿನಲ್ಲಿ ತಪ್ಪು ಅಡಗಿಕೊಳ್ತದೆ, ಮಾತಿನಲ್ಲಿ ಅಡಗುವುದಿಲ್ಲ. ಅದಕ್ಕೇ ಅಂತ ಒಂದು ರೆಕಾರ್ಡು ಉಂಟು ನನ್ನ ಹತ್ತಿರ, ಆ ಜಲಾಲನೇ ತಂದುಕೊಟ್ಟ..."

ನಾಲಗೆ ಅಲ್ಲಿಗೇ ನಿಂತಿತು. ಎಣ್ಣೆ ಮುಗಿದ ದೀಪ.

"ಯಾವ ರೆಕಾರ್ಡು ಬಾಪ್ಪು?"

"ಎಂತದೂ ಇಲ್ಲ ಮಾರಾಯ್ತಿ. ಏನೋ ಒಂದು."

ಗ್ಲ್ಯಾಡಿಸ್ ಎದ್ದು ಕಪಾಟಿನ ಹತ್ತಿರ ಹೋದಳು. ಇದ್ದದ್ದು ಕೆಲವೇ ರೆಕಾರ್ಡುಗಳು, ಎಲ್ಲದರ ಮೇಲೂ ಮರದ ಪುಡಿ. ಒಂದರ ಮೇಲೆ ಮಾತ್ರ ಇರಲಿಲ್ಲ. ಅದರ ಹೊದಿಕೆಯ ಮೇಲೆ ಖರ್ಜೂರದ ಮರ, ಒಂಟೆ, ಕೋಟು ತೊಟ್ಟು ನಗುವ ಒಬ್ಬ ಗಂಡಸು. ಕೆಳಗೆ ಇಂಗ್ಲಿಷಿನಲ್ಲಿ: ಮನೆಯಲ್ಲೇ ಅರಬ್ಬಿ ಕಲಿಯಿರಿ.

"ಹಾಕಿ ತೋರಿಸಿ," ಅಂದಳು.

"ಬೇಡ."

"ಹಾಕಿ ಬಾಪ್ಪು."

ಮೂಲೆಯ ಪ್ಲೇಯರಿನ ಮೇಲೆ ತಟ್ಟೆ ತಿರುಗತೊಡಗಿತು. ಕಜೆಟನ್ ಕೊನೆಗೂ ಮೇಜಿನ ಕೆಳಗಿನಿಂದ ಬಲಗೈ ತೆಗೆದು ಎದ್ದುಬಂದ. ಪ್ಲೇಯರಿನ ಮರದ ಕೈಯನ್ನು ಎತ್ತಿ ರೆಕಾರ್ಡಿನ ಮೇಲೆ ತಂದ. ಇಳಿಸಲು ಹೋದ. ಕರ್‍ರ್‍ರ್ ಎಂದು ಮುಳ್ಳು ಅಡ್ಡಕ್ಕೆ ಜಾರಿತು. ಮತ್ತೆ ಎತ್ತಿದ, ಮತ್ತೆ ಜಾರಿತು. ಅವಳು ಅವನ ಮಣಿಕಟ್ಟನ್ನು ಹಿಡಿದು, ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ ಮೆಲ್ಲನೆ ಇಳಿಸಿದಳು.

ಮೊದಲು ಕಡಲಿನಂಥ ಒಂದು ಮೊರೆತ. ಆಮೇಲೆ ಗಂಡಸಿನ ಗಟ್ಟಿ ಧ್ವನಿ.

"ಕಮ್ ಹಾದಾ?" ಧ್ವನಿ ಕೇಳಿತು. ತುಸು ಬಿಟ್ಟು ಮತ್ತೆ, "ಕಮ್ ಹಾದಾ?"

ಇನ್ನೊಂದು ಧ್ವನಿ ಏನೋ ಬೆಲೆ ಹೇಳಿತು.

"ಲಾ, ಲಾ. ಮಾ ಅರೀದ್!" ಬೇಡ ಎಂಬ ಸಿಡುಕು. ತುಸು ಬಿಟ್ಟು ಮತ್ತೆ, "ಲಾ, ಲಾ. ಮಾ ಅರೀದ್!"

ಗ್ಲ್ಯಾಡಿಸ್ ಕೈಯಲ್ಲಿದ್ದ ಹೊದಿಕೆಯನ್ನು ಮತ್ತೆ ತಿರುಗಿಸಿ ನೋಡಿದಳು. ಸಂತೆಯಲ್ಲಿ ಚೌಕಾಸಿ ಮಾಡುವ ಪಾಠ. ಕಲಿಯುವವನಿಗಾಗಿ ಪ್ರತಿ ಮಾತೂ ಎರಡೆರಡು ಸಲ. ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದ ಹೆಂಗಸಿಗೆ ಅದು ಜಗಳವಲ್ಲದೆ ಇನ್ನೇನಾಗಿ ಕೇಳಿಸಬೇಕು?

ಅಂದರೆ ಜಲಾಲ್ ಅಲ್ಲಿರಲಿಲ್ಲ! ಅರಬ್ಬಿ ಮಾತಾಡಿದ್ದು ಮನುಷ್ಯನೇ ಅಲ್ಲ, ಒಂದು ಕಪ್ಪು ತಟ್ಟೆ. ತಪಸ್ಸು ಕಾಲದಲ್ಲಿ ಹಾಡು ಹಾಕಿದರೆ ಪಾಪವೆಂದು ಅಂಜುವ ಯಾರೋ ಒಬ್ಬರು, ಹೊಸ ಕೈಯನ್ನು ಜೋಡಿಸಿ, ಈ ಪಾಠ ಹಾಕಿ ಕೇಳಿದ್ದರು. ಆ ಭಕ್ತಿಯೇ ಒಬ್ಬ ಬ್ಯಾರಿ ಹುಡುಗನ ಕೊರಳಿಗೆ ಹಗ್ಗವಾಗಿತ್ತು.

ಅಜ್ಜಿ ಹೇಳುತ್ತಿದ್ದ ಕತೆಯೊಂದರಲ್ಲಿ ಮರದ ಗಿಣಿ ಬರುತ್ತಿತ್ತು. ಕೇಳಿದ್ದಕ್ಕೆ ನಿಜವನ್ನೇ ಹೇಳುವ ಗಿಣಿ. ಆದರೆ ಅದಕ್ಕೊಂದು ಬೆಲೆ: ನಿಜ ಕೇಳಿಸಿಕೊಂಡವನು ಮನೆಗೆ ತಿರುಗಿ ಬಂದಾಗ ಮೊದಲು ಯಾರು ಎದುರು ಬರುತ್ತಾರೋ ಅವರನ್ನು ಕಾಡಿಗೆ ಬಿಟ್ಟು ಬರಬೇಕು. ಏಳು ವರ್ಷ ಕಳ್ಳನನ್ನು ಹುಡುಕಿ ಸೋತ ರಾಜ, ನನ್ನ ನಾಯಿ ಓಡಿ ಬರುತ್ತದೆ ಬಿಡು ಎಂದು ನಕ್ಕು ಒಪ್ಪಿದ. "ಯಾರು ಬಂದರು ಅಜ್ಜಿ?" ಎಂದು ಗ್ಲ್ಯಾಡಿಸ್ ಕೇಳಿದರೆ ಅಜ್ಜಿ ದೀಪ ಸಣ್ಣದು ಮಾಡಿ "ಮಲಗು" ಎನ್ನುತ್ತಿದ್ದಳು. ಎಷ್ಟು ಸಲ ಹೇಳಿದರೂ ಅಲ್ಲಿಗೇ ನಿಲ್ಲಿಸುತ್ತಿದ್ದಳು.

"ಬಾಪ್ಪು, ಇದನ್ನು ನಾಳೆ ಕೋರ್ಟಿನಲ್ಲಿ..."

ತಿರುಗಿ ನೋಡಿದಳು. ಕಜೆಟನನ ಕೈಯಲ್ಲಿ ಮರ ಹೆರೆಯುವ ಗಾಜಿನ ಚೂರು. ತಿರುಗುತ್ತಿರುವ ರೆಕಾರ್ಡಿನ ಮೇಲೆ ಅದು ಇಳಿಯುವುದರಲ್ಲಿತ್ತು. ಅವಳು ಹಾರಿ ತಟ್ಟೆಯನ್ನು ಕಿತ್ತುಕೊಂಡಳು. ಧ್ವನಿ "ಲಾ..." ಎಂದು ತುಂಡಾಯಿತು. ಗಾಜು ನೆಲಕ್ಕೆ ಬಿದ್ದು ಚೂರಾಯಿತು.

ಸೂಜಿಯ ಮೇಲಿನ ಕೈ ಜೋರಾಗಿ ಸುತ್ತಿತು. ಬೀಳಲಿಲ್ಲ.

ಇಬ್ಬರೂ ಏದುಸಿರು ಬಿಡುತ್ತ ಅದನ್ನೇ ನೋಡಿದರು.

"ನಿಮಗೆ ಹುಚ್ಚಾ? ಒಬ್ಬನ ಜೀವ ಉಂಟು ಇದರಲ್ಲಿ!"

"ಒಬ್ಬನದ್ದಲ್ಲ," ಅಂದ ಮುದುಕ. ಕುರ್ಚಿಗೆ ಕುಸಿದ. ಪಾಪನಿವೇದನೆಗೆ ಕೂತವನ ಹಾಗೆ ನೆಲ ನೋಡುತ್ತ ಶುರುಮಾಡಿದ. "ಸರಿ. ಬರೆದುಕೋ. ಆ ಕೈ ಮಾಡಿದ್ದು ನಾನು. ಶುಕ್ರವಾರ ಹಾಕಿಕೊಡಲಿಕ್ಕೆ ಹೋದದ್ದು ನಾನು. ರೆಕಾರ್ಡು ಹಾಕಿದ್ದೂ ನಾನು. ಅವನು ಬಾಯಿಗೆ ಬಂದ ಹಾಗೆ ಬೈದ. ನಾನು ಹೊಡೆದೆ. ನಾಳೆ ನನ್ನನ್ನು ಜಡ್ಜರ ಹತ್ತಿರ ಕರೆದುಕೊಂಡು ಹೋಗು. ನಿನ್ನ ಜಲಾಲ್ ಮನೆಗೆ ಹೋಗ್ತಾನೆ. ನಿನ್ನ ಕೇಸು ಗೆಲ್ತದೆ."

"ಯಾವುದರಿಂದ ಹೊಡೆದಿರಿ?"

"ಸುತ್ತಿಗೆಯಿಂದ."

"ಸ್ಟ್ಯಾನಿಸ್ಲಾಸನಿಗೆ ಯಾರೂ ಹೊಡೆದದ್ದಲ್ಲ ಬಾಪ್ಪು. ದೂಡಿದ್ದು. ಚಾವಡಿಯ ಮೆಟ್ಟಿಲಿನ ಅಂಚು ತಲೆಗೆ ಬಡಿದಿದೆ. ಡಾಕ್ಟರು ಬರೆದದ್ದು ಹಾಗೆ."

"ಹೌದು, ದೂಡಿದೆ. ದೂಡಿದೆ ಅಂತಲೇ ಬರೆದುಕೋ. ನಾನು ಇನ್ನೆಷ್ಟು ದಿನ ಇರುವವನು? ಜೈಲಿನಲ್ಲೂ ಬೆಂಚು ಬೇಕಾಗ್ತದೆ, ಮಾಡಿಕೊಂಡಿರ್ತೇನೆ."

ತಮಾಷೆಗೆ ಯಾರೂ ನಗಲಿಲ್ಲ.

"ಕೈ ತೋರಿಸಿ," ಅಂದಳು ಗ್ಲ್ಯಾಡಿಸ್.

"ಯಾಕೆ?"

"ತೋರಿಸಿ."

ಅವನು ತೋರಿಸಲಿಲ್ಲ. ಅವಳೇ ಬಗ್ಗಿ, ಮೊಣಕಾಲುಗಳ ನಡುವಿನಿಂದ ಆ ಎರಡು ಕೈಗಳನ್ನು ಹೊರಗೆ ತೆಗೆದು ಮಗುಚಿದಳು. ಬಲೆಗೆ ಬಿದ್ದ ಮೀನಿನ ಹಾಗೆ ಅವು ಅವಳ ಅಂಗೈಯೊಳಗೆ ಅದುರಿದವು. ಅದಕ್ಕಿಂತ ಹೆಚ್ಚು ಅವಳನ್ನು ಹೆದರಿಸಿದ್ದು ಅವುಗಳ ಬಣ್ಣ. ಅರಶಿನ ಬಾಪ್ಪುವಿನ ಅಂಗೈ ಪಾದ್ರಿಯ ಅಂಗೈಯ ಹಾಗೆ ಬೆಳ್ಳಗಿತ್ತು.

"ಎಷ್ಟು ಕಾಲವಾಯಿತು?"

"ಹೋದ ಮಳೆಗಾಲದಿಂದ," ಅವನು ಅಳತೊಡಗಿದ. "ಲೋಟ ಹಿಡಿಯಲಿಕ್ಕೂ ಆಗುವುದಿಲ್ಲ ಪುತಾ. ಮೊಳೆ ಹೊಡೆಯಲಿಕ್ಕೂ ಆಗುವುದಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾರು ಬರ್ತಾರೆ ಇಲ್ಲಿಗೆ?"

"ಹಾಗಾದರೆ ಸ್ಟ್ಯಾನಿಸ್ಲಾಸನ ಪ್ಲೇಯರಿಗೆ ಕೈ ಮಾಡಿದ್ದು? ಈ ಸೂಜಿಯ ಮೇಲೆ ನಿಂತದ್ದು?"

ಕಜೆಟನ್ ತಾನಲ್ಲವೆಂದು ತಲೆಯಾಡಿಸಿದ.

"ಒಬ್ಬನಿಗೆ ಕಲಿಸಿದ್ದೇನೆ. ಭಾನುವಾರಗಳಲ್ಲಿ ಬರುತ್ತಿದ್ದ. ನನಗಿಂತ ಒಳ್ಳೆಯ ಕೈ ಅವನದ್ದು, ದೇವರು ಕೊಟ್ಟದ್ದು. ಗಲ್ಫಿಗೆ ಹೋಗ್ತೇನೆ, ಭಾಷೆ ಕಲಿಯಬೇಕು ಅಂತ ಆ ರೆಕಾರ್ಡನ್ನೂ ತೆಗೆದುಕೊಂಡು ಹೋಗಿದ್ದ. ಆ ಶನಿವಾರ ಬೆಳಗ್ಗೆ ಬಂದ. ರೆಕಾರ್ಡು ಕಪಾಟಿನಲ್ಲಿಟ್ಟ. ಮಾಡಿ ಅರ್ಧವಾಗಿದ್ದ ಈ ಕೈಯನ್ನು ಮುಗಿಸಿದ, ಸೂಜಿಯ ಮೇಲೆ ನಿಲ್ಲಿಸಿದ, ಹೋದ. ಒಂದು ಮಾತು ಆಡಲಿಲ್ಲ. ಆಮೇಲೆ ಬರಲಿಲ್ಲ."

ಗಲ್ಫಿಗೆ ಹೋಗುವವನು. ಈ ಕರಾವಳಿಯಲ್ಲಿ ಯಾವ ಮನೆಯಿಂದ ಒಬ್ಬ ಹೋಗುವುದಿಲ್ಲ? ಬ್ಯಾರಿಗಳ ಮನೆಯಿಂದ, ಕ್ರೈಸ್ತರ ಮನೆಯಿಂದ, ಪೆಟ್ಟಿಗೆಗೆ ಹಗ್ಗ ಕಟ್ಟಿ ಹೆಸರು ಬರೆದು... ಅವಳ ಯೋಚನೆ ಒಂದು ಪರಿಚಿತ ಪೆಟ್ಟಿಗೆಯ ಹತ್ತಿರ ಬಂದು, ಬಿಸಿ ಮುಟ್ಟಿದ ಹಾಗೆ ಹಿಂದೆ ಸರಿಯಿತು.

ಯಾರು ಎಂದು ಕೇಳಬೇಕಿತ್ತು. ವಕೀಲೆ ಕೇಳಲೇಬೇಕಾದ ಪ್ರಶ್ನೆ. ಅದು ನಾಲಗೆಯ ತುದಿಗೆ ಬಂದು, ಸೂಜಿಯ ಮೇಲಿನ ಕೈಯ ಹಾಗೆ, ಆ ಕಡೆಗೂ ಈ ಕಡೆಗೂ ಬೀಳದೆ ನಿಂತಿತು.

"ಕೇಳಬೇಡ ಪುತಾ," ಅಂದ ಕಜೆಟನ್. "ನಾನು ಹೇಳಿದ ಸುಳ್ಳು ದೇವರಿಗೆ ಗೊತ್ತಾಗಲಿ. ನಿಜ ನಿನಗೆ ಗೊತ್ತಾಗುವುದು ಬೇಡ. ನಾಳೆ ನನ್ನನ್ನೇ ಕರೆದುಕೊಂಡು ಹೋಗು."

ಅವಳು ಕೇಳಲಿಲ್ಲ. ರೆಕಾರ್ಡನ್ನು ಹೊದಿಕೆಗೆ ತೂರಿಸಿ, ಸೆರಗಿನೊಳಗೆ ಒತ್ತಿಕೊಂಡು ಹೊರಗೆ ಬಂದಳು.

ರಸ್ತೆಬದಿಯ ಅಂಗಡಿಯ ನೆರಳಿನಲ್ಲಿ ಜಲಾಲನ ತಾಯಿ ರುಕಿಯಮ್ಮ ಕಾಯುತ್ತಿದ್ದಳು. ಮಡಿಲಲ್ಲಿ ಮಗನಿಗೆಂದು ತಟ್ಟಿದ ಅಕ್ಕಿರೊಟ್ಟಿಯ ಪಾತ್ರೆ. ದಿನವೂ ಉಡುಪಿಯ ಜೈಲಿಗೆ ಒಯ್ಯುತ್ತಿದ್ದಳು, ದಿನವೂ ಹಾಗೇ ತುಂಬಿದ್ದನ್ನು ವಾಪಸು ತರುತ್ತಿದ್ದಳು.

"ಎಂತ ಸಿಕ್ಕಿತು ಮಗಳೇ? ಮುಖ ಯಾಕೆ ಹಾಗೆ ಮಾಡಿದ್ದೀ?"

"ಸಿಕ್ಕಿತು ಉಮ್ಮ," ಅಂದಳು ಗ್ಲ್ಯಾಡಿಸ್. ಹೇಳುತ್ತ ಹೇಳುತ್ತ ಅವಳಿಗೇ ಧೈರ್ಯ ಬಂತು. ಹೌದು, ಇಷ್ಟು ಸಾಕು. ಯಾರ ಹೆಸರೂ ಬೇಡ. ಆ ಧ್ವನಿ ರೆಕಾರ್ಡಿನದ್ದಿರಬಹುದು ಎಂದಷ್ಟೇ ಜಡ್ಜರಿಗೆ ಅನಿಸಿದರೆ ಆಯಿತು. ಜಲಾಲ್ ಮನೆಗೆ ಬರುತ್ತಾನೆ. ಮುದುಕನ ಸುಳ್ಳೂ ಬೇಡ, ಇನ್ನೊಬ್ಬನ ನಿಜವೂ ಬೇಡ.

ಉಡುಪಿಯ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ರುಕಿಯಮ್ಮ ಆ ರೆಕಾರ್ಡನ್ನು ಬಿಸಿ ರೊಟ್ಟಿಯ ಹಾಗೆ ಎರಡು ಕೈಯಲ್ಲಿ ಹಿಡಿದು ನೋಡಿದಳು. ಕೋಟಿನ ಗಂಡಸಿನ ಮುಖವನ್ನು ಸೆರಗಿನಿಂದ ಒರೆಸಿದಳು.

"ಇವನಾ ಮಾತಾಡಿದ್ದು? ನನ್ನ ಮಗ ಅಲ್ಲ, ಇವನು?"

"ಹೌದು ಉಮ್ಮ."

"ಅಲ್ಲಾಹು ದೊಡ್ಡವನು." ಆಕೆ ತುಸು ಹೊತ್ತು ಅತ್ತಳು, ತುಸು ಹೊತ್ತು ನಕ್ಕಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ಕಟಪಾಡಿ ದಾಟುವಾಗ ಆಕೆಯ ಹುಬ್ಬು ಮೆಲ್ಲನೆ ಗಂಟಿಕ್ಕಿತು.

"ಮಗಳೇ, ನನಗೆ ಓದು ಬರಹ ಗೊತ್ತಿಲ್ಲ. ಒಂದು ಕೇಳ್ತೇನೆ, ಬೈಯಬಾರದು."

"ಕೇಳಿ."

"ಆ ಸುಂದರಿ ಹೇಳಿದ್ದು ನೀನೇ ನನಗೆ ಓದಿ ಹೇಳಿದ್ದಲ್ವಾ? ಧ್ವನಿ ಮೊದಲು ಬಾವಿಕಟ್ಟೆಯ ಹತ್ತಿರ ಇತ್ತು, ಆಮೇಲೆ ಒಳಗೆ ಹೋಯಿತು ಅಂತ."

"ಹೌದು."

"ಹಾಡಿನ ಪೆಟ್ಟಿಗೆ ನಡೀತದಾ ಮಗಳೇ?"

ಬಸ್ಸು ಗುಂಡಿಗೆ ಇಳಿದು ಎದ್ದಿತು. ರೊಟ್ಟಿಯ ಪಾತ್ರೆ ಸದ್ದು ಮಾಡಿತು.

ಮಗನನ್ನು ಉಳಿಸಿಕೊಳ್ಳಲು ಎಷ್ಟೋ ಹರಕೆ ಹೇಳಿಕೊಂಡ ಈ ತಾಯಿಯೇ, ತನಗೆ ಗೊತ್ತಿಲ್ಲದೆ, ಇದ್ದ ಒಂದೇ ನೂಲನ್ನು ಹಲ್ಲಿನಿಂದ ಕಡಿದುಬಿಟ್ಟಿದ್ದಳು. ಇದೇ ಪ್ರಶ್ನೆಯನ್ನು ನಾಳೆ ಸರ್ಕಾರಿ ವಕೀಲರು ಕೇಳುತ್ತಾರೆ. ಚಾವಡಿಯಲ್ಲಿ ಕರೆಂಟಿನ ತಂತಿಗೆ ಕಟ್ಟಿಕೊಂಡು ಕೂತಿದ್ದ ಪ್ಲೇಯರು ಬಾವಿಕಟ್ಟೆಯಿಂದ ಒಳಗೆ ಹೇಗೆ ನಡೆದುಬಂತು ಮೇಡಂ? ಕೋರ್ಟು ನಗುತ್ತದೆ. ಜಲಾಲ್ ಮತ್ತೆ ವ್ಯಾನು ಹತ್ತುತ್ತಾನೆ.

ರೆಕಾರ್ಡಿನ ಮಾತು, ಆದರೆ ರೆಕಾರ್ಡಲ್ಲ. ಮನುಷ್ಯನೇ. ಜಲಾಲ್ ಅಲ್ಲದ ಯಾವುದೋ ಮನುಷ್ಯ.

"ನಾನು ಎಂತಾದರೂ ತಪ್ಪು ಹೇಳಿದೆನಾ?" ರುಕಿಯಮ್ಮನ ಸ್ವರ ಚಿಕ್ಕದಾಯಿತು.

"ಇಲ್ಲ ಉಮ್ಮ."

"ಇವತ್ತಾದರೂ ರೊಟ್ಟಿ ತಿನ್ನು ಅಂತ ಹೇಳ್ತೇನೆ ಅವನಿಗೆ. ವಕೀಲಮ್ಮನಿಗೆ ಸಿಕ್ಕಿದೆ ಅಂತ ಹೇಳ್ತೇನೆ. ಹೇಳಬಹುದಲ್ವಾ?"

ಗ್ಲ್ಯಾಡಿಸ್ ರೆಕಾರ್ಡನ್ನು ವಾಪಸು ತೆಗೆದುಕೊಂಡು ಸೆರಗಿನೊಳಗೆ ಇಟ್ಟಳು. ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಆ ಮುದುಕಿ ಪಾತ್ರೆಯನ್ನು ಎದೆಗವಚಿಕೊಂಡು ಜೈಲಿನ ದಾರಿ ಹಿಡಿದು ಹೋಗುವುದನ್ನು ನೋಡುತ್ತ ನಿಂತಳು. ಇವತ್ತು ಆಕೆಯ ನಡಿಗೆ ಬಿರುಸಾಗಿತ್ತು. ಅದನ್ನು ನೋಡಲಾಗಲಿಲ್ಲ.

ಸೀನಿಯರರ ಆಫೀಸಿಗೆ ಹೋಗಬೇಕಿತ್ತು. ಕಾಲು ಕಡಿಯಾಳಿಯ ಮನೆಯ ಕಡೆಗೆ ಎಳೆಯಿತು. ದೇವಸ್ಥಾನದ ಎದುರಿನ ಹೂವಿನ ಹೆಂಗಸು "ಎಂತ ಬಾಯಮ್ಮ, ಇವತ್ತು ಬೇಗ?" ಎಂದು ಕೇಳಿದ್ದು ಎಲ್ಲೋ ದೂರದಲ್ಲಿ ಕೇಳಿಸಿತು. ಸಂಜೆಯವರೆಗೆ ಬರುವುದಿಲ್ಲ ಎಂದು ಬೆಳಗ್ಗೆ ತಮ್ಮನಿಗೆ ಹೇಳಿ ಹೊರಟಿದ್ದಳು. ಅವನ ಅಂಗಿಗಳಿಗೆ ಇಸ್ತ್ರಿ ಹಾಕಿ, ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು ಕೊಟ್ಟವಳೂ ಅವಳೇ. ನಾಳೆ ಜಾರ್ಜ್ ಬೊಂಬಾಯಿ ಬಸ್ಸು ಹತ್ತುತ್ತಾನೆ. ಅಲ್ಲಿಂದ ವಿಮಾನ. ವೀಸಾ ಕೊಡಿಸಿದವನು ಯಾರೋ ಸ್ನೇಹಿತ ಎಂದಿದ್ದ. ಯಾರು ಎಂದು ಅವಳು ಆಗಲೂ ಕೇಳಿರಲಿಲ್ಲ.

ಭಾನುವಾರಗಳಲ್ಲಿ ಅವನು ಕಾಪುವಿಗೆ ಹೋಗುತ್ತಿದ್ದ. ಕಡಲು ನೋಡಲಿಕ್ಕೆ ಎನ್ನುತ್ತಿದ್ದ. ಅಜ್ಜಿ ಸತ್ತ ಮೇಲೆ ಇಬ್ಬರಿಗೂ ಕಡಲು ನೋಡುವ ಚಾಳಿ ಬಿದ್ದಿತ್ತು, ಅದರಲ್ಲೇನು?

ಗೇಟಿನ ಚಿಲಕದ ಮೇಲೆ ಕೈಯಿಟ್ಟು ಅವಳು ನಿಂತಳು. ಯಾರೂ ಎದುರು ಬರದಿರಲಿ, ಎಂದುಕೊಂಡಳು. ಪಕ್ಕದ ಮನೆಯ ನಾಯಿಯಾದರೂ ಬರಲಿ.

ಆಗ ಕೇಳಿಸಿತು.

"ಕಮ್ ಹಾದಾ?"

ಅಡಿಗೆಮನೆಯ ಕಡೆಯಿಂದ. ತುಸು ಬಿಟ್ಟು ಮತ್ತೆ, "ಕಮ್ ಹಾದಾ?"

ರೆಕಾರ್ಡು ಅವಳ ಸೆರಗಿನೊಳಗೆ, ಪಕ್ಕೆಗೆ ತಾಗಿಕೊಂಡು, ಮೂಕವಾಗಿತ್ತು.

ಧ್ವನಿ ಅಡಿಗೆಮನೆಯಿಂದ ಹೊರಟಿತು. ನಡುಮನೆಗೆ ಬಂತು. ಕಿಟಕಿಯ ಹತ್ತಿರ ಬಂದು ಗಟ್ಟಿಯಾಯಿತು. ಒಬ್ಬನೇ ಹುಡುಗ ಅತ್ತಿಂದಿತ್ತ ನಡೆಯುತ್ತ ಪಾಠ ಒಪ್ಪಿಸುವ ರೀತಿ. ಶಾಲೆಯಲ್ಲಿ ಮಗ್ಗಿಯನ್ನೂ ಅವನು ಹೀಗೇ ನಡೆಯುತ್ತ ಕಲಿತವನು, ಅಜ್ಜಿ ಬೈದರೂ ಕೂರುತ್ತಿರಲಿಲ್ಲ.

"ಲಾ, ಲಾ. ಮಾ ಅರೀದ್." ರೆಕಾರ್ಡಿನವನದೇ ಸಿಡುಕು, ರೆಕಾರ್ಡಿನವನದೇ ಏರಿಳಿತ. ತುಸು ಬಿಟ್ಟು ಮತ್ತೆ, "ಲಾ, ಲಾ. ಮಾ ಅರೀದ್."

ಬಾಗಿಲು ತೆರೆಯಿತು.

"ಅಕ್ಕ! ಇಷ್ಟು ಬೇಗ?" ಜಾರ್ಜ್ ನಾಚಿ ನಕ್ಕ. "ನಗಬೇಡ ಮಾರಾಯ್ತಿ, ನಾಳೆ ಹೋಗುವವನಲ್ವಾ, ಸ್ವಲ್ಪ ಅಭ್ಯಾಸ..."

ಅವಳ ಸೆರಗು ಜಾರಿತು. ಖರ್ಜೂರದ ಮರ, ಒಂಟೆ, ಕೋಟಿನ ಗಂಡಸು.

ಜಾರ್ಜನ ನಗು ಮುಖದ ಮೇಲೆ ಹಾಗೇ ಉಳಿಯಿತು, ಒಳಗಿದ್ದವನು ಮಾತ್ರ ಎಲ್ಲೋ ಎದ್ದು ಹೋದ. ಅವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಮಧ್ಯಾಹ್ನದ ಬಿಸಿಲು ಆ ಬೆರಳುಗಳ ಮೇಲೆ ಬಿದ್ದಿತ್ತು. ಪ್ರೆಸ್ಸಿನ ಕೆಲಸ ಬಿಟ್ಟು ವಾರವಾಗಿತ್ತು. ಅವು ಇನ್ನೂ ಅರಶಿನದ ಬಣ್ಣದಲ್ಲೇ ಇದ್ದವು.

ಅಜ್ಜಿ ಯಾಕೆ ದೀಪ ಸಣ್ಣದು ಮಾಡುತ್ತಿದ್ದಳೆಂದು ಗ್ಲ್ಯಾಡಿಸಳಿಗೆ ಈಗ ತಿಳಿಯಿತು.

"ಜಾರ್ಜ್, ಆ ಶುಕ್ರವಾರ ನೀನು ಶಿಲುಬೆಯ ಹಾದಿಗೆ ಹೋಗಿದ್ದಿಯಾ?"

ಅವನು ಹೆಗಲ ಮೇಲಿನಿಂದ ಒಮ್ಮೆ ಮನೆಯ ಒಳಗೆ ನೋಡಿದ. ಅಲ್ಲಿ ಯಾರೋ ಲೋಟವನ್ನು ನೆಲದ ಮೇಲಿಟ್ಟರು; ಬಳೆಯೊಂದು ಸಣ್ಣಗೆ ಸದ್ದು ಮಾಡಿ ಥಟ್ಟನೆ ನಿಂತಿತು.

"ಬಾಪ್ಪು ನನ್ನ ಹೆಸರು ಮಾತ್ರ ಹೇಳಿದರಾ ಅಕ್ಕ?" ಜಾರ್ಜ್ ಪಿಸುಗುಟ್ಟಿದ. "ಇಲ್ಲಾ ಅವಳದ್ದೂ ಹೇಳಿದರಾ?"